ಕಮಠಾಣದ ದಾರಿ: ನಡುವೆ ಬೀದರದಲ್ಲೊಂದು ರಾತ್ರಿ

ಬೀದರ ನಗರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಕಮಠಾಣ ಜೈನ ಯಾತ್ರಿಕರಿಗೆ ಪಾರ್ಶ್ವನಾಥನ ಊರು. ಮಕ್ಕಳನ್ನು ಪಶುವೈದ್ಯರನ್ನಾಗಿ ಮಾಡುವ ಕನಸು ಹೊತ್ತ ತಂದೆ ತಾಯಿಗಳಿಗೆ ಅದು ಬೇರೆಯೇ ಕಾರಣಕ್ಕೆ ಪರಿಚಿತ. ಆ ಕಡೆ ಹೋಗುವ ಹಾದಿಯಲ್ಲೇ ನಂದಿನಗರ. ಅಲ್ಲೇ ಪಶುವೈದ್ಯಕೀಯ ಕಾಲೇಜು, 2004ರ ಕಾಯ್ದೆಯ ಮೂಲಕ ಹುಟ್ಟಿದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ. ಪ್ರವೇಶದ ದಿನಗಳಲ್ಲಿ ರಾಜ್ಯದ ನಾನಾ ಮೂಲೆಯಿಂದ ಜನ ಬರುತ್ತಾರೆ. ಕಾಗದಪತ್ರ ಒಪ್ಪಿಸುವುದು ಅಲ್ಲಿ, ಆದರೆ ತಂಗಲು ಎಲ್ಲರೂ ಬರುವುದು ಬೀದರಕ್ಕೆ.

ಹಾವೇರಿ ಕಡೆಯ ಒಬ್ಬ ತಂದೆ, ಅವರ ಮಗಳು ಎಂದಿಟ್ಟುಕೊಳ್ಳೋಣ. ಇಂಥ ಜೋಡಿಗಳು ಪ್ರತಿ ವರ್ಷ ಬರುತ್ತವೆ, ಹೆಸರು ಬೇಡ. ಬಸ್ಸಿನಿಂದ ಇಳಿದಾಗ ಸಂಜೆ ಐದು. ತಂದೆಯ ಕೈಯಲ್ಲಿ ಟ್ರಂಕು, ಮಗಳ ಬಗಲಲ್ಲಿ ಅಂಕಪಟ್ಟಿಗಳ ಫೈಲು.

"ಲಾಡ್ಜ್ ಬೇಕೇನ್ರಿ ಕಾಕಾ?" ಎಂದು ಆಟೋದವನು ಕೇಳುತ್ತಾನೆ.

"ಕಮಠಾಣದ ಹತ್ರಾನ ಎಲ್ಲೆರ ಇದ್ರ ನೋಡಪಾ."

"ಅಲ್ಲಿ ಬ್ಯಾಡ್ರಿ, ಊರಾಗೇ ಇರ್ರಿ. ಮುಂಜಾನೆ ನಾನೇ ಬಿಟ್ಟು ಬರ್ತೀನಿ."

ಅವನ ಮಾತಿನಲ್ಲಿ ಲಾಭದ ಲೆಕ್ಕವಿದ್ದರೂ ಸಲಹೆ ಸರಿಯಾದದ್ದೇ. ಪ್ರಶ್ನೆ ಏಳುವುದು ಅನಂತರ: ಊರಿನೊಳಗೆ ಎಲ್ಲಿ?

ಬಸ್ ನಿಲ್ದಾಣದ ಆಸುಪಾಸು, ಉದಗೀರ ರಸ್ತೆಯ ಉದ್ದಕ್ಕೂ ಲಾಡ್ಜುಗಳಿವೆ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಬರೀದಶಾಹಿಯೂ ಈ ರಸ್ತೆಯದ್ದೇ. ಉಳಿದವುಗಳಲ್ಲಿ ಹೊರಗಿನ ಬಣ್ಣ ನೋಡಿ ಆರಿಸಿಕೊಂಡವರು ರಾತ್ರಿ ಹತ್ತರ ಮೇಲೆ ಪಶ್ಚಾತ್ತಾಪ ಪಡುವ ಸಂಭವ ಉಂಟು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಲಾಡ್ಜು ಎಂದರೆ ಅನೇಕ ವೇಳೆ ಮೇಲೆ ಕೋಣೆ, ಕೆಳಗೆ ಬಾರು. ಅಬಕಾರಿ ಇಲಾಖೆಯ ಲೆಕ್ಕದಲ್ಲಿ ಬಾರಿನ ಪರವಾನಗಿಗೆ ಸಿಎಲ್-9, ವಸತಿಯೂ ಇರುವ ಹೋಟೆಲಿನ ಪರವಾನಗಿಗೆ ಸಿಎಲ್-7 ಎಂದು ಹೆಸರು. ಬಾಗಿಲ ಬಳಿಯ ಫಲಕದಲ್ಲಿ ಸಿಎಲ್-7 ಎಂದು ಬರೆದಿದ್ದರೆ ಅದೇ ಕಟ್ಟಡದಲ್ಲಿ ಮದ್ಯವೂ ಸಿಗುತ್ತದೆಂದು ತಿಳಿಯಬೇಕು. ಅದೇನೂ ಅಪರಾಧವಲ್ಲ. ಅಂಥ ಹೋಟೆಲುಗಳಲ್ಲಿ ಕುಟುಂಬದವರಿಗೆ ಬೇರೆ ಅಂಕಣ ಮಾಡಿ, ಅಚ್ಚುಕಟ್ಟಾಗಿ ನಡೆಸುವವರೂ ಇದ್ದಾರೆ. ನೋಡಬೇಕಾದದ್ದು ಬಾರಿನಿಂದ ಏಳುವವರೂ ಕೋಣೆಗೆ ಹೋಗುವವರೂ ಒಂದೇ ಮೆಟ್ಟಿಲು ಹತ್ತಬೇಕೇ ಎಂಬುದನ್ನು. ಮೆಟ್ಟಿಲು ಒಂದೇ ಆದರೆ ಹೆಣ್ಣುಮಗಳ ಜೊತೆ ಬಂದವರು ಮುಂದಿನ ಲಾಡ್ಜಿಗೆ ಹೋಗುವುದೇ ಲೇಸು.

ಕೋಣೆಯನ್ನು ಹಣ ಕೊಡುವ ಮೊದಲೇ ನೋಡಬೇಕು, ಅದೂ ರಸ್ತೆ ಕಡೆಯದ್ದೋ ಹಿಂದಿನದೋ ಎಂದು ಕೇಳಿ. ಬಾಗಿಲ ಒಳಚಿಲಕ ಹಾಕಿ ನೋಡಬೇಕು. ಬಿಸಿನೀರು ಎಷ್ಟು ಹೊತ್ತಿಗೆ ಎಂಬುದು ಬೀದರದಲ್ಲಿ ಸಣ್ಣ ವಿಷಯವಲ್ಲ. ಎರಡು ಸಾವಿರ ಅಡಿಗೂ ಮೀರಿದ ಎತ್ತರದ ಈ ಕೆಂಪು ಕಲ್ಲಿನ ನೆಲದಲ್ಲಿ ಡಿಸೆಂಬರಿನ ರಾತ್ರಿಗಳು ರಾಜ್ಯದ ಅತಿ ಚಳಿಯ ರಾತ್ರಿಗಳ ಸಾಲಿಗೆ ಸೇರುತ್ತವೆ. ಇನ್ನೊಂದು: ಲೆಕ್ಕ ಬಂದ ಹೊತ್ತಿನಿಂದ ಇಪ್ಪತ್ನಾಲ್ಕು ಗಂಟೆಯೋ ಅಥವಾ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೋ? ಕಾಲೇಜಿನ ಕೆಲಸ ಹನ್ನೆರಡಕ್ಕೆ ಮುಗಿಯುವುದಿಲ್ಲ. ಇದನ್ನು ಮೊದಲೇ ಕೇಳದವರು ಎರಡನೆಯ ದಿನದ ಬಾಡಿಗೆಯನ್ನೂ ತೆತ್ತು ಬರುತ್ತಾರೆ.

ಹಾವೇರಿಯ ತಂದೆ ಹಿಂದಿನ ಕಡೆಯ ಕೋಣೆ ಹಿಡಿದರು ಎನ್ನೋಣ. ಮುಖ ತೊಳೆದದ್ದೇ ಅವರು ಮಂಚದ ಮೇಲೆ ಕಾಲು ಚಾಚಿದರು. ಮಗಳು ಕಿಟಕಿಯ ಬಳಿ ನಿಂತಿದ್ದಾಳೆ.

"ಅಪ್ಪಾ, ಹೊರಗ ಹೋಗೂಣೇನು?"

"ರಾತ್ರಿ ಆಗ್ತದವಾ. ಗುರುತಿಲ್ಲದ ಊರು."

ಈ ಮಾತನ್ನೇ ಎಷ್ಟೋ ತಂದೆ ತಾಯಿಗಳು ಹೇಳುತ್ತಾರೆ. ಆದರೆ ನಾಳೆಯಿಂದ ಆಕೆಗೆ ಗುರುತಾಗಬೇಕಾದ ಊರು ಇದೇ ಅಲ್ಲವೇ? ಪಶುವೈದ್ಯ ಪದವಿ ಎಂದರೆ ಐದು ವರ್ಷಕ್ಕೂ ಮಿಕ್ಕಿದ ವ್ಯಾಸಂಗ. ಭಾನುವಾರ ಬಂದರೆ ಹಾಸ್ಟೆಲಿನ ಮಕ್ಕಳು ಬೀದರ ಪೇಟೆಗೆ ಬಂದೇ ಬರುತ್ತಾರೆ. ಯಾವ ಬೀದಿ ಎಷ್ಟು ಹೊತ್ತಿನ ತನಕ ಎಚ್ಚರವಾಗಿರುತ್ತದೆ, ಆಟೋ ಎಲ್ಲಿ ಸಿಗುತ್ತದೆ ಎಂಬುದನ್ನು ಮೊದಲ ಸಲ ಅಪ್ಪನ ಜೊತೆ ನೋಡುವುದಕ್ಕೂ ಆಮೇಲೆ ಗೆಳತಿಯರ ಜೊತೆ ತಾನೇ ಹುಡುಕುವುದಕ್ಕೂ ವ್ಯತ್ಯಾಸ ಉಂಟು. ಆದ್ದರಿಂದ ಕೋಣೆ ಹಿಡಿಯುವಾಗಲೇ ಸಂಜೆಯ ತಿರುಗಾಟಕ್ಕೆ ಅನುಕೂಲವಾದ ಜಾಗ ನೋಡಬೇಕು. ಊರ ಹೊರಗಿನ ನಿಶ್ಶಬ್ದದಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ ನಿಜ, ಊರು ಮಾತ್ರ ಕಾಣುವುದಿಲ್ಲ.

ಹೊರಡುವುದಾದರೆ ಮೊದಲು ಹತ್ತಿರದ ಬರೀದಶಾಹಿ ಉದ್ಯಾನ. ಬಹಮನಿಗಳ ನಂತರ ಬೀದರವನ್ನು ಆಳಿದ ಬರೀದಶಾಹಿ ಸುಲ್ತಾನರ ಗೋರಿಗಳ ಸುತ್ತ ಈಗ ಮಕ್ಕಳು ಓಡುತ್ತಾರೆ, ಹಿರಿಯರು ವಾಯುಸೇವನೆ ಮಾಡುತ್ತಾರೆ. ಅಲಿ ಬರೀದನ ಗೋರಿಯ ಕಮಾನುಗಳು ನಾಲ್ಕೂ ಕಡೆ ತೆರೆದಿವೆ, ಗಾಳಿಗೆ ತಡೆಯಿಲ್ಲ.

ಕತ್ತಲಾಗುತ್ತಿದ್ದಂತೆ ಹಳೆಯ ಪೇಟೆಗೆ. ಅದರ ನಟ್ಟನಡುವೆ ಚೌಬಾರಾ, ಸುಮಾರು 71 ಅಡಿ ಎತ್ತರದ ದುಂಡು ಗೋಪುರ. ಹಿಂದೆ ಕಾವಲಿಗೆ ಕಟ್ಟಿದ್ದು, ಈಗ ದಾರಿ ಹೇಳುವವರಿಗೆ ಗುರುತು. ಇಲ್ಲಿಂದ ಯಾವ ದಿಕ್ಕಿಗೆ ಹೋದರೂ ದಾರಿ ತಪ್ಪಿದವರು ತಲೆಯೆತ್ತಿ ನೋಡಿ ಮರಳಬಹುದು. ಕೋಟೆಯ ಕಡೆ ಸ್ವಲ್ಪ ನಡೆದರೆ ಮಹಮೂದ್ ಗವಾನನ ಮದರಸಾ. 1472ರಲ್ಲಿ ಮುಗಿದ ಈ ವಿದ್ಯಾಲಯದ ಅರ್ಧ ಭಾಗ 1696ರಲ್ಲಿ ಮದ್ದು ಸಿಡಿದು ಉರುಳಿತು. ಒಂದು ಮಿನಾರು, ಅದರ ಮೇಲೆ ಅಲ್ಲಲ್ಲಿ ನೀಲಿ ಹಸಿರು ಹೆಂಚು ಉಳಿದಿವೆ. ಸಂಜೆಯ ಮೇಲೆ ಒಳಗೆ ಬಿಡುವುದಿಲ್ಲ, ರಸ್ತೆಯಿಂದಲೇ ನೋಡಬೇಕು. ದೂರದ ಊರುಗಳಿಂದ ಬಂದ ವಿದ್ಯಾರ್ಥಿಗಳು ಐನೂರು ವರ್ಷಗಳ ಹಿಂದೆ ಇಲ್ಲಿನ ಕೋಣೆಗಳಲ್ಲೇ ಉಳಿದು ಓದುತ್ತಿದ್ದರು ಎಂದರೆ, ಟ್ರಂಕು ಹೊತ್ತು ಬಂದ ಹುಡುಗಿಗೆ ಅದು ಪಠ್ಯಪುಸ್ತಕದ ಮಾತಿನಂತೆ ಕೇಳಲಾರದು.

ಚೌಬಾರಾದ ಸುತ್ತಲಿನ ಗಲ್ಲಿಗಳಲ್ಲಿ ಬಿದ್ರಿ ಕೆಲಸದವರ ಅಂಗಡಿಗಳಿವೆ. ಸತು ತಾಮ್ರದ ಎರಕದ ಮೇಲೆ ಚಾಣದಿಂದ ಗೀರಿ, ಬೆಳ್ಳಿಯ ಎಳೆ ತುಂಬಿ, ಕೊನೆಗೆ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದಿದರೆ ಲೋಹವಷ್ಟೇ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಈ ಕಸುಬಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕೊಳ್ಳದಿದ್ದರೂ ನಿಂತು ನೋಡಬಹುದು.

ಬೀದರದ ರಾತ್ರಿ ಎಂದರೆ ಬೆಂಗಳೂರಿನ ಬ್ರಿಗೇಡ್ ರಸ್ತೆಯದಲ್ಲ. ಕುಡಿಯುವವರಿಗೆ ಬಾರುಗಳಿವೆ, ಅವು ಇಲ್ಲವೆಂದು ಮಕ್ಕಳ ಮುಂದೆ ನಟಿಸಿ ಪ್ರಯೋಜನವಿಲ್ಲ. ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರುವಂತಿಲ್ಲ. ಆ ವಯಸ್ಸನ್ನು ಹದಿನೆಂಟಕ್ಕೆ ಇಳಿಸುವ ಕರಡನ್ನು ರಾಜ್ಯ ಸರ್ಕಾರ 2023ರ ಆರಂಭದಲ್ಲಿ ಹೊರಡಿಸಿ, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಗಂಡುಮಕ್ಕಳನ್ನು ಕರೆತಂದ ತಂದೆಯರು ಈ ಮಾತನ್ನು ಹಾಸ್ಟೆಲಿನ ಬಾಗಿಲಲ್ಲಿ ಪಿಸುಗುಟ್ಟುವುದಕ್ಕಿಂತ, ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ನೇರವಾಗಿ ಆಡಿಬಿಟ್ಟರೆ ಒಳ್ಳೆಯದು. ಹೆಣ್ಣುಮಕ್ಕಳಿಗೂ ಆಡಬಾರದೆಂದೇನಿಲ್ಲ.

ಊರಿನ ನಿಜವಾದ ರಾತ್ರಿಯ ಜೀವ ಇರುವುದು ಚಹಾದಂಗಡಿಗಳಲ್ಲಿ. ಹೈದರಾಬಾದು ಇಲ್ಲಿಂದ 140 ಕಿಲೋಮೀಟರ್ ಆಚೆ. ಅದರ ಗಾಳಿ ಬೀದರಕ್ಕೆ ಬೀಸಿದ್ದು ಚಹಾ, ಬಿರಿಯಾನಿಗಳ ಮೂಲಕ. ಒಂದೇ ಬೆಂಚಿನ ಮೇಲೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು. ಚಹಾ ತಣಿದರೂ ಮಾತು ಮುಗಿಯುವುದಿಲ್ಲ. ರಂಜಾನ್ ತಿಂಗಳಲ್ಲಿ ಹಳೆಯ ಪೇಟೆ ಮಲಗುವುದೇ ತಡ. ಸಸ್ಯಾಹಾರಿಗಳು ಖಾನಾವಳಿ ಹುಡುಕಬೇಕು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾವೇರಿಯವರಿಗೆ ಹೊಸದಲ್ಲ. ಮೈಸೂರು ಕಡೆಯಿಂದ ಬಂದವರಿಗೆ ಮಾತ್ರ ಮೊದಲ ತುತ್ತಿನಲ್ಲಿ ಖಾರ ನೆತ್ತಿಗೇರೀತು.

ಊರಂಚಿನ ನಾನಕ್ ಝೀರಾ ಸಾಹೇಬ್ ಗುರುದ್ವಾರವನ್ನು ಬಿಟ್ಟರೆ ಬೀದರದ ಸಂಜೆ ಅರ್ಧವೇ. ಗುರುನಾನಕರು ಇಲ್ಲಿ ಸಿಹಿನೀರಿನ ಬುಗ್ಗೆ ಹೊಮ್ಮಿಸಿದರೆಂಬ ನಂಬಿಕೆಯ ತಾಣ. ತಲೆಗೆ ವಸ್ತ್ರ ಸುತ್ತಿ, ಕೈಕಾಲು ತೊಳೆದು ಒಳಗೆ ಹೋದರೆ ಲಂಗರಿನಲ್ಲಿ ಪಂಕ್ತಿಗೆ ಕೂತವರಿಗೆಲ್ಲ ರೊಟ್ಟಿ, ದಾಲ್. ಜಾತಿ ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ. ಯಾತ್ರಿಕರಿಗೆ ಕೋಣೆಗಳೂ ಇವೆ. ಬಾಡಿಗೆ ಉಳಿಯುತ್ತದೆಂದು ಅಲ್ಲಿ ತಂಗಬಯಸುವವರು ಅದು ಧರ್ಮಸ್ಥಳವೆಂಬುದನ್ನು ಮರೆಯಬಾರದು: ಬೀಡಿ, ತಂಬಾಕು, ಮದ್ಯ ಯಾವುದೂ ಹೊಸಿಲು ದಾಟುವಂತಿಲ್ಲ.

ಹಾವೇರಿಯ ತಂದೆ ಲಂಗರಿನಲ್ಲಿ ಮಗಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಬಡಿಸುವವನು ಹಿಂದಿಯಲ್ಲಿ ಏನೋ ಕೇಳಿದ. ಅವರಿಗೆ ತಿಳಿಯಲಿಲ್ಲ. ಮಗಳು ಉತ್ತರಿಸಿದಳು, ಅಪ್ಪನ ತಟ್ಟೆಗೂ ಇನ್ನೊಂದು ರೊಟ್ಟಿ ಹಾಕಿಸಿದಳು.

ಮರುದಿನ ಬೆಳಿಗ್ಗೆ ಅದೇ ಆಟೋ ಕಮಠಾಣದ ದಾರಿ ಹಿಡಿಯಿತು. ಪ್ರವೇಶದ ಕೆಲಸ ಮುಗಿದು, ಟ್ರಂಕು ಹಾಸ್ಟೆಲು ಸೇರುವ ಹೊತ್ತಿಗೆ ಮಧ್ಯಾಹ್ನ ಮೂರು. ಇಪ್ಪತ್ನಾಲ್ಕು ಗಂಟೆಯ ಲೆಕ್ಕದ ಲಾಡ್ಜಾದ್ದರಿಂದ ತಂದೆಗೆ ಇನ್ನೂ ಎರಡು ಗಂಟೆ ಹೊತ್ತಿತ್ತು.

"ಭಾನುವಾರ ಒಬ್ಬಾಕೇ ಪ್ಯಾಟಿಗೆ ಹೋಗಬ್ಯಾಡವಾ," ಎಂದರು ಗೇಟಿನಲ್ಲಿ.

"ಇಲ್ಲಪಾ, ಎಲ್ಲಾರೂ ಕೂಡೇ ಹೋಗ್ತೀವಿ. ಚೌಬಾರಾ ನನಗ ಗೊತ್ತದಲ್ಲ."