ಕೆರೆ ಏರಿಯ ಮೇಲೆ ಜಿಐಎಸ್ ಪಾಠ

ಕೋಲಾರ ತಾಲ್ಲೂಕಿನ ವಕ್ಕಲೇರಿಯ ಹೆಸರು ಇತಿಹಾಸದ ಪುಸ್ತಕ ಸೇರಿದ್ದು ಅಲ್ಲಿ ಸಿಕ್ಕ ತಾಮ್ರಶಾಸನದಿಂದ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಸುಳ್ಳಿಯೂರು ಎಂಬ ಊರನ್ನು ದಾನ ಕೊಟ್ಟ ಶಾಸನ ಅದು. ಊರು ಇದ್ದದ್ದು ದೂರದ ಪಾನುಂಗಲ್ಲಿನ, ಅಂದರೆ ಇಂದಿನ ಹಾನಗಲ್ಲಿನ ಸೀಮೆಯಲ್ಲಿ. ಅದೆಲ್ಲಿದೆ ಎಂದು ತಿಳಿಸಲು ಶಾಸನ ಹೊಳೆಯ ದಂಡೆಯನ್ನು, ಸುತ್ತಲಿನ ಊರುಗಳನ್ನು ಹೆಸರಿಸುತ್ತದೆ. ಮಾಹಿತಿಯನ್ನು ನೆಲದ ಒಂದು ಜಾಗಕ್ಕೆ ಗಂಟುಹಾಕುವ ಈ ಕೆಲಸವೇ ಭೌಗೋಳಿಕ ಮಾಹಿತಿ ವ್ಯವಸ್ಥೆಯ, ಎಂದರೆ ಜಿಐಎಸ್‌ನ ಜೀವಾಳ.

ತರಗತಿಗಳಲ್ಲಿ ಈ ಪಾಠ ಸಾಮಾನ್ಯವಾಗಿ ಕೆನಡಾದಿಂದ, 1960ರ ದಶಕದಲ್ಲಿ ರೋಜರ್ ಟಾಮ್ಲಿನ್‌ಸನ್ ಕಂಪ್ಯೂಟರಿನೊಳಗೆ ನಕ್ಷೆ ತಂದ ಕಥೆಯಿಂದ ಶುರುವಾಗುತ್ತದೆ. ಕೋಲಾರದ ಮಕ್ಕಳಿಗೆ ಕೆರೆಯಿಂದ ಶುರುಮಾಡಿದರೆ ರುಚಿ ಬೇಗ ಹತ್ತುತ್ತದೆ. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಗಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ನೀರೂ ಹೀಗೆಯೇ ಕೆರೆಯಿಂದ ಕೆರೆಗೆ ಇಳಿಯುತ್ತದೆ.

ನಕ್ಷೆಯ ಹುಚ್ಚು ಹತ್ತಿದವರು ಹೇಳುವ ಸುಖ ಒಂದಿದೆ. ಹಳೆಯ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಪುಕ್ಕಟೆ ಸಿಗುವ ಕ್ಯೂಜಿಐಎಸ್ ತಂತ್ರಾಂಶಕ್ಕೆ ಹಾಕಿದಾಗ ಅದು ಬರೀ ಚಿತ್ರ. ಏರಿಯ ತುದಿ, ತೂಬು, ಮೂರು ಊರುಗಳ ಗಡಿ ಕೂಡುವ ಕಲ್ಲು, ಇಂಥ ಕದಲದ ಗುರುತುಗಳಿಗೆ ಒಂದೊಂದಾಗಿ ಅಕ್ಷಾಂಶ ರೇಖಾಂಶ ಕೊಡಬೇಕು. ಗುರುತುಗಳು ಸರಿಯಿದ್ದರೆ ಹಾಳೆ ಒಂದಿಷ್ಟು ತಿರುಗಿ, ಹಿಗ್ಗಿ, ಉಪಗ್ರಹ ಚಿತ್ರದ ಮೇಲೆ ತನ್ನ ಜಾಗದಲ್ಲಿ ಕೂರುತ್ತದೆ. ಹಾಳೆಯಲ್ಲಿರುವ ರಾಜಕಾಲುವೆ ನೆಲದ ಮೇಲೆ ಎಲ್ಲಿ ಉಳಿದಿದೆ, ಎಲ್ಲಿ ಟೊಮೇಟೊ ಹೊಲದೊಳಗೆ ಕರಗಿದೆ ಎಂಬುದು ಆಗ ಬರಿಗಣ್ಣಿಗೇ ಕಾಣುತ್ತದೆ. ಕೆರೆ ಏಕೆ ತುಂಬುತ್ತಿಲ್ಲ ಎಂಬ ಪ್ರಶ್ನೆ ಹುಡುಗರ ಬಾಯಿಂದ ತಾನಾಗಿ ಬರುತ್ತದೆ.

ರೈತರ ಮನೆಯ ಮಕ್ಕಳಿಗೆ ಇದು ಹೊಸತೂ ಅಲ್ಲ. ರಾಜ್ಯದ ದೂರ ಸಂವೇದಿ ಕೇಂದ್ರದ ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಸರ್ವೆ ನಂಬರ್ ಮೊಬೈಲಿನಲ್ಲೇ ಮೂಡುತ್ತದೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸಬಹುದು, ಹಾಗಾಗಿ ಬದುವಿನ ಜಗಳಕ್ಕೆ ಸರ್ವೆಯವರ ಅಳತೆಯೇ ಆಗಬೇಕು. ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

2000ದ ಫೆಬ್ರವರಿಯಲ್ಲಿ ನಾಸಾದ ನೌಕೆ ಅಳೆದ ನೆಲದ ಎತ್ತರದ ದತ್ತಾಂಶವೂ ಉಚಿತ. ಮೇಷ್ಟ್ರುಗಳೇ, ವಕ್ಕಲೇರಿಯ ಮಾರ್ಕಂಡೇಶ್ವರ ಬೆಟ್ಟದ ಮೇಲೆ ಬಿದ್ದ ಮಳೆ ಯಾವ ಕೆರೆ ಸೇರುತ್ತದೆಂದು ಮಕ್ಕಳೇ ಅದರಲ್ಲಿ ಹುಡುಕಲಿ. ಆಮೇಲೊಂದು ಭಾನುವಾರ ಆ ಕೆರೆಗೆ ನೀರು ತರುವ ಕಾಲುವೆಯ ಉದ್ದಕ್ಕೂ ಅವರನ್ನು ನಡೆಸಿಕೊಂಡು ಹೋಗಿ.