ಎಂಟು ಜಿಬಿ, ಇಪ್ಪತ್ತು ಸಾವಿರ

1
ಬೆಂಗಳೂರಿನ ಎಸ್.ಪಿ. ರೋಡ್. ಲ್ಯಾಪ್‌ಟಾಪ್ ಕೊಳ್ಳಲು ಬಂದವರ ಮೊದಲ ಮಾತು: ‘ಐ7 ಇದೆಯಾ?’ ಎರಡನೆಯದು: ‘ಲಾಸ್ಟ್ ಎಷ್ಟು?’ ಪರದೆ ಹೇಗಿದೆ ಎಂದು ಯಾರಾದರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

2
ಇಂಟೆಲ್‌ನ ಎರಡು ಪ್ರೊಸೆಸರ್: ಐ5-1235ಯು, ಐ7-1255ಯು. ಎರಡರಲ್ಲೂ 10 ಕೋರ್, 12 ಥ್ರೆಡ್, 12 ಎಂಬಿ ಕ್ಯಾಶ್. ಗರಿಷ್ಠ ವೇಗ ಒಂದರದು 4.4 ಗಿಗಾಹರ್ಟ್ಸ್, ಇನ್ನೊಂದರದು 4.7. ಗ್ರಾಫಿಕ್ಸ್ ಘಟಕಗಳು 80 ಮತ್ತು 96. ತೆಳು ಲ್ಯಾಪ್‌ಟಾಪ್‌ನಲ್ಲಿ ಗರಿಷ್ಠ ವೇಗ ನಿಲ್ಲುವುದು ಒಳಗೆ ಬಿಸಿ ಏರುವ ತನಕ. ಕೌಂಟರಿನಲ್ಲಿ ಈ ವ್ಯತ್ಯಾಸಕ್ಕೆ ಹತ್ತು ಸಾವಿರದ ಮೇಲೆ ಕೇಳುತ್ತಿದ್ದರು. ಕೊಳ್ಳುವವರು ಕೊಡುತ್ತಲೂ ಇದ್ದರು.

3
ಪ್ರೊಸೆಸರಿನ ಹೆಸರಿಗೆ ಕೀಬೋರ್ಡಿನ ಪಕ್ಕದಲ್ಲೇ ಸ್ಟಿಕ್ಕರ್ ಇದೆ. ಪರದೆಗೆ ಇಲ್ಲ.

4
ಪರದೆಯ ವಿವರ ಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ: ‘250 ನಿಟ್ಸ್, 45% ಎನ್‌ಟಿಎಸ್‌ಸಿ’. ನಿಟ್ಸ್ ಎಂದರೆ ಬೆಳಕಿನ ಅಳತೆ. ಎನ್‌ಟಿಎಸ್‌ಸಿ ಎಂದರೆ ಅಮೆರಿಕ 1953ರಲ್ಲಿ ಕಲರ್ ಟೀವಿಗೆ ಒಪ್ಪಿದ ಮಾನದಂಡ. ಇಂದಿನ ಲ್ಯಾಪ್‌ಟಾಪ್‌ನ ಬಣ್ಣವನ್ನು ಹಲವು ಕಂಪನಿಗಳು ಇನ್ನೂ ಅದರಲ್ಲೇ ಅಳೆಯುತ್ತವೆ. 45 ಎಂದರೆ ಆ ಬಣ್ಣಗಳಲ್ಲಿ ಅರ್ಧಕ್ಕೂ ಕಡಿಮೆ.

ಇಂಥ ಪರದೆಯಲ್ಲಿ ಅಂಗಡಿಯವರು ಇಳಕಲ್ ಸೀರೆಯ ಒಂದು ಫೋಟೊ ತೆರೆದರು. ಸೆರಗಿನ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅದೇ ಫೋಟೊ ಪಕ್ಕದ ಫೋನಿನಲ್ಲಿ ಕೆಂಪಾಗಿಯೇ ಇತ್ತು. ಫೋನಿನ ಬೆಲೆ ಲ್ಯಾಪ್‌ಟಾಪ್‌ನ ಮೂರರಲ್ಲಿ ಒಂದು ಪಾಲು.

5
ಅಂಗಡಿಯ ಹುಡುಗ ರ‍್ಯಾಮ್ ಹಾಕುವುದನ್ನು ನೋಡಿದೆ. ಲ್ಯಾಪ್‌ಟಾಪ್ ಮಗುಚಿದ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಅಯಸ್ಕಾಂತದ ಹಾಳೆಯ ಮೇಲೆ ಜೋಡಿಸಿದ. ಕೆಲವು ಉದ್ದ, ಕೆಲವು ಗಿಡ್ಡ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮೇಲಿನ ಕವಚ ಉಬ್ಬುತ್ತದಂತೆ. ಅಂಚಿಗೆ ಪ್ಲಾಸ್ಟಿಕ್ ತುಂಡು ತೂರಿಸಿ ಸುತ್ತ ಎಳೆದ. ಟಪಟಪ ಸದ್ದಾಗಿ ತಳ ಕಳಚಿತು. ಮೊದಲು ಬ್ಯಾಟರಿಯ ವೈರ್ ಕಿತ್ತ. ರ‍್ಯಾಮ್ ಪಟ್ಟಿಯನ್ನು ಓರೆಯಾಗಿ ಸ್ಲಾಟಿಗೆ ಕೊಟ್ಟು ಕೆಳಕ್ಕೆ ಒತ್ತಿದ. ಎರಡು ಬದಿಯ ಕೊಂಡಿಗಳು ಕಚ್ಚಿಕೊಂಡವು. ಪಟ್ಟಿಯ ಕಚ್ಚು ನಡುವಿಗಿಲ್ಲ, ಒಂದು ಬದಿಗೆ ಸರಿದಿದೆ. ತಿರುಗುಮುರುಗು ಹಾಕಲು ಬರುವುದಿಲ್ಲ.

ಗಿರಾಕಿ ಆಗ ಫೋನ್ ನೋಡುತ್ತಿದ್ದರು.

6
ಪಕ್ಕದ ಲ್ಯಾಪ್‌ಟಾಪ್ ತೋರಿಸಿ ಅದೇ ಹುಡುಗ ‘ಇದು ಆನ್‌ಬೋರ್ಡ್ ಸಾರ್’ ಎಂದ. ರ‍್ಯಾಮ್ ಮದರ್‌ಬೋರ್ಡಿಗೆ ಬೆಸೆದಿದೆ. ಸ್ಲಾಟ್ ಇಲ್ಲ. ಮೊದಲ ದಿನ ಎಷ್ಟಿತ್ತೋ ಕೊನೆಯ ದಿನಕ್ಕೂ ಅಷ್ಟೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

7
ಮ್ಯಾಕ್‌ಬುಕ್ ಏರ್‌ನಲ್ಲಿ 8 ಜಿಬಿ ರ‍್ಯಾಮ್ ಅನ್ನು 16 ಮಾಡಿಸಿಕೊಳ್ಳಲು ಆಪಲ್ ಭಾರತದಲ್ಲಿ ಕೇಳುತ್ತಿದ್ದದ್ದು 20,000 ರೂಪಾಯಿ. 2024ರ ಅಕ್ಟೋಬರಿನಲ್ಲಿ 16 ಜಿಬಿಯೇ ಕನಿಷ್ಠವಾಯಿತು. ಬೆಲೆ ಏರಲಿಲ್ಲ. ಸೆಪ್ಟೆಂಬರಿನಲ್ಲಿ ಕೊಟ್ಟ 20,000, ಅಕ್ಟೋಬರಿನಲ್ಲಿ ಸೊನ್ನೆ.

ಹಾಗೆಂದು ಸೆಪ್ಟೆಂಬರಿನಲ್ಲಿ 8 ಜಿಬಿ ಕೊಂಡವರಿಗೆ ಇಂದು ಅದನ್ನು 16 ಮಾಡಿಸುವ ದಾರಿಯಿಲ್ಲ.

8
256 ಜಿಬಿ ಸ್ಟೋರೇಜಿನ ಮೂರು ಮ್ಯಾಕ್‌ಬುಕ್ ಏರ್. ಎಂ1ರಲ್ಲಿ ಎರಡು ಸ್ಟೋರೇಜ್ ಚಿಪ್. ಎಂ2ರಲ್ಲಿ ಒಂದೇ ದೊಡ್ಡ ಚಿಪ್, ಓದುವ ವೇಗ ಸುಮಾರು ಅರ್ಧಕ್ಕೆ ಇಳಿಯಿತು. ಎಂ3ರಲ್ಲಿ ಮತ್ತೆ ಎರಡು. ಪೆಟ್ಟಿಗೆಯ ಮೇಲೆ ಮೂರಕ್ಕೂ 256 ಜಿಬಿ ಎಂದೇ ಇತ್ತು.

9
512 ಜಿಬಿಯ ಎಸ್‌ಎಸ್‌ಡಿ ಹಾಕಿದರೆ ವಿಂಡೋಸ್ 476 ಎಂದು ತೋರಿಸುತ್ತದೆ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಏನೂ ಕಳೆದಿಲ್ಲ. ‘36 ಎಲ್ಲಿ ಹೋಯಿತು’ ಎಂದು ವಾಪಸ್ ಬಂದು ಕೇಳುವವರಿದ್ದಾರೆ.

10
ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ನಿಂತಿರುವುದು ಒಂದೇ ಸ್ಕ್ರೂ ಮೇಲೆ.

11
ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಸ್ತ್ರೀ’ ಎಂದರೆ ಆರು ಸಂಕೇತ, 18 ಬೈಟ್. ಒಂದು ಲಕ್ಷ ಪದದ ಕಾದಂಬರಿ ಎರಡೂವರೆ ಎಂಬಿಯ ಆಸುಪಾಸು. 256 ಜಿಬಿಯಲ್ಲಿ ಅಂಥವು ಲಕ್ಷ ಹಿಡಿಯುತ್ತವೆ.

ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಬರೆದಿರುವಂತೆ 4ಕೆ ವೀಡಿಯೊ, ಸೆಕೆಂಡಿಗೆ 60 ಫ್ರೇಮ್, ಒಂದು ನಿಮಿಷಕ್ಕೆ 400 ಎಂಬಿ. ನೂರ ಅರವತ್ತು ಕಾದಂಬರಿಯ ಜಾಗ. ಮದುವೆ ವೀಡಿಯೊ ಮಾಡುವವರೂ ಕತೆ ಬರೆಯುವವರೂ ಒಂದೇ ಕೌಂಟರಿನಲ್ಲಿ ‘512 ಸಾಕಾ?’ ಎಂದು ಕೇಳುತ್ತಾರೆ.

12
ಕನ್ನಡಕ್ಕೆಂದು ಕೆ.ಪಿ. ರಾವ್ ವಿನ್ಯಾಸಗೊಳಿಸಿದ ಕೀಲಿಮಣೆಯಲ್ಲಿ ‘ಸ್ತ್ರೀ’ಗೂ ಶಿಫ್ಟ್ ಬಿಟ್ಟರೆ ಆರು ಒತ್ತು. ಅದರಲ್ಲಿ ಎರಡು, ಎಫ್ ಕೀಲಿಯದು. ಒತ್ತಕ್ಷರ ಬಂದಲ್ಲೆಲ್ಲ ಅದನ್ನು ಒತ್ತಲೇಬೇಕು. ಡಿಟಿಪಿ ಮಾಡುವವರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಎಫ್ ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ಕೀಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಒಳ್ಳೆಯ ಕೀಬೋರ್ಡಿಗೆ ಇಷ್ಟು ಹೆಚ್ಚುವರಿ ಎಂಬ ಸಾಲನ್ನು ಯಾವ ಬೆಲೆಪಟ್ಟಿಯಲ್ಲೂ ಕಾಣಲಿಲ್ಲ.

13
ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಂಟೆಲ್‌ನ 8ನೇ ತಲೆಮಾರಿನ ಐ3ಗೆ ಜಾಗವಿದೆ. 6ನೇ ತಲೆಮಾರಿನ ಐ7ಗೆ ಇಲ್ಲ. ಆ ಕಾಲದಲ್ಲಿ ಐ7ಗೆ ಹೆಚ್ಚು ಕೊಟ್ಟವರು ಹೆಚ್ಚು ವರ್ಷಕ್ಕೆಂದೇ ಕೊಟ್ಟಿದ್ದರು.

14
‘ಈಗ 8 ತಗೊಳ್ಳಿ, ಆಮೇಲೆ ಹಾಕಿಸ್ಕೊಳ್ಳಿ, ರೇಟ್ ಇಳಿಯುತ್ತೆ.’ ಬಹಳ ಕಾಲದಿಂದ ಕೇಳುತ್ತಿದ್ದ ಮಾತು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಇಳಿಯುವ ಬದಲು ಜಿಗಿಯಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿದ್ದವು. ಮೈಕ್ರಾನ್ ಕಂಪನಿ ‘ಕ್ರೂಷಿಯಲ್’ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ರ‍್ಯಾಮ್, ಎಸ್‌ಎಸ್‌ಡಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಹೇಳಿತು.

15
ಎಕ್ಸ್‌ಟೆಂಡೆಡ್ ವಾರಂಟಿಯ ಮಾತು ಬರುವುದು ಕೊನೆಗೆ, ಕಾರ್ಡ್ ಉಜ್ಜುವ ಹೊತ್ತಿಗೆ. ಮೂರು ವರ್ಷದ ವಾರಂಟಿಯಲ್ಲೂ ಬಹಳಷ್ಟು ಕಂಪನಿಗಳ ಬ್ಯಾಟರಿಗೆ ಒಂದೇ ವರ್ಷ. ಎಲ್ಲಕ್ಕಿಂತ ಮೊದಲು ಸವೆಯುವುದು ಬ್ಯಾಟರಿ.

ಬೀಳುವುದು, ನೀರು ಚೆಲ್ಲುವುದು ಮಾಮೂಲಿ ವಾರಂಟಿಯಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ದುಡ್ಡು.

16
ತಂದೆ, ಮಗಳು. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ತಂದೆ ಐ7, 8 ಜಿಬಿ ಎಂದರು. ಮಗಳು ಐ5, 16 ಜಿಬಿ ಎಂದಳು. ಬೆಲೆ ಹೆಚ್ಚುಕಮ್ಮಿ ಒಂದೇ. ತಂದೆ ಎರಡು ಸ್ಟಿಕ್ಕರ್‌ಗಳನ್ನೂ ಬಹಳ ಹೊತ್ತು ನೋಡಿದರು. ಆಕೆ ಎರಡರಲ್ಲೂ ಬ್ರೌಸರಿನಲ್ಲಿ ಒಂದರ ಮೇಲೊಂದು ಟ್ಯಾಬ್ ತೆರೆದಳು. 8 ಜಿಬಿಯದು ಟ್ಯಾಬ್ ಬದಲಿಸುವಾಗ ಪ್ರತಿ ಸಲ ಒಂದು ಕ್ಷಣ ಬಿಳಿಯಾಯಿತು. ತಂದೆ ಐ5ಗೆ ಬಿಲ್ ಮಾಡಲು ಹೇಳಿದರು.

17
ಕೊಳ್ಳುವವರು ದುಡ್ಡು ಎಣಿಸುವ ಮೊದಲು ದಯವಿಟ್ಟು ಕೇಳಿ: ರ‍್ಯಾಮ್ ಸ್ಲಾಟಿನಲ್ಲಿದೆಯೋ ಬೆಸೆದಿದೆಯೋ, ಖಾಲಿ ಸ್ಲಾಟ್ ಇದೆಯೋ. ಬೆಸೆದಿದ್ದರೆ 16ಕ್ಕಿಂತ ಕಡಿಮೆ ಬೇಡ. ನಿಮ್ಮದೇ ಒಂದು ಫೋಟೊ ಪರದೆಯಲ್ಲಿ ತೆರೆದು ನೋಡಿ. ಬಿಲ್ಲಿನಲ್ಲಿ ಮಾದರಿ ಸಂಖ್ಯೆಯನ್ನು ಪೂರ್ತಿ ಬರೆಸಿಕೊಳ್ಳಿ. ಒಂದೇ ಹೆಸರಿನ ಲ್ಯಾಪ್‌ಟಾಪ್ ಎರಡು ಬೇರೆ ಪರದೆಗಳಲ್ಲಿ ಬರುವುದುಂಟು, ಯಾವುದು ಎಂದು ತಿಳಿಯುವುದು ಆ ಸಂಖ್ಯೆಯಿಂದ.