ವಿದ್ಯುತ್ತಿನ ತವರಿಗೆ ವಿದ್ಯುತ್ ಬೈಕಿನಲ್ಲಿ

ಮೋಟಾರು ವಾಹನವೆಂದರೆ ಸದ್ದು ಮಾಡಬೇಕು, ಹೊಗೆ ಬಿಡಬೇಕು, ಚಳಿಗಾಲದ ಬೆಳಗಿನಲ್ಲಿ ನಾಲ್ಕಾರು ಬಾರಿ ಒದೆಸಿಕೊಂಡ ಮೇಲೆಯೇ ಎಚ್ಚರಗೊಳ್ಳಬೇಕು ಎಂಬುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ. ಈಚಿನ ಕೆಲವು ವರ್ಷಗಳಿಂದ ನಮ್ಮ ಪಟ್ಟಣಗಳ ಬೀದಿಗಳಲ್ಲಿ ಸುಳಿದಾಡತೊಡಗಿರುವ ವಿದ್ಯುತ್ ಬೈಕುಗಳು ಈ ನಂಬಿಕೆಯನ್ನು ಬುಡಸಮೇತ ಅಲುಗಿಸಿವೆ. ಇವುಗಳಿಗೆ ಪೆಟ್ರೋಲಿನ ಗೊಡವೆಯಿಲ್ಲ. ರಾತ್ರಿ ಊಟವಾದ ಮೇಲೆ ಮನೆಯ ಗೋಡೆಯ ಪ್ಲಗ್ಗಿಗೆ ತಂತಿ ಸಿಕ್ಕಿಸಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಅವುಗಳ ಹೊಟ್ಟೆ ತುಂಬಿರುತ್ತದೆ.

ಇಂತಹದೊಂದು ಬೈಕು ಮೈಸೂರಿನ ನಮ್ಮ ಮನೆಗೆ ಬಂದಾಗ ಅದರ ಮೊದಲ ದೂರಪ್ರಯಾಣ ಯಾವ ಊರಿಗೆಂಬ ಚರ್ಚೆ ಎದ್ದಿತು. ನಂಜನಗೂಡೆಂದರು ಒಬ್ಬರು, ಮೇಲುಕೋಟೆಯೆಂದರು ಇನ್ನೊಬ್ಬರು. ಕೊನೆಗೆ ಗೆದ್ದದ್ದು ನನ್ನ ಶ್ರೀಮತಿಯ ಮಾತು. “ಹೊಸ ಸೊಸೇನ ಮೊದಲು ತವರಿಗೆ ಕರಕೊಂಡು ಹೋಗೋದು ಪದ್ಧತಿ ಅಲ್ವೇ? ಶಿವನಸಮುದ್ರಕ್ಕೇ ಹೋಗೋಣ” ಎಂದಳು. ಹೌದು, ಕನ್ನಡನಾಡಿನಲ್ಲಿ ವಿದ್ಯುತ್ತಿನ ತವರು ಅದಲ್ಲದೆ ಬೇರಾವುದು?

ಸದ್ದಿಲ್ಲದ ಸವಾರಿ

ಮೈಸೂರಿನಿಂದ ಬನ್ನೂರು, ಮಳವಳ್ಳಿಗಳ ಮಾರ್ಗವಾಗಿ ಶಿವನಸಮುದ್ರಕ್ಕೆ ಸುಮಾರು 75 ಕಿಲೋಮೀಟರು. ನಮ್ಮ ಬೈಕಿನ ಬ್ಯಾಟರಿ ಮೂರೂವರೆ ಯೂನಿಟ್ ವಿದ್ಯುತ್ತನ್ನು ಹಿಡಿಯುತ್ತದೆ. ಇಬ್ಬರು ಕುಳಿತು ಗಂಟೆಗೆ 45 ಕಿಲೋಮೀಟರಿನ ಆಚೀಚೆ ಸಮಾಧಾನವಾಗಿ ಸಾಗಿದರೆ ನೂರು ಕಿಲೋಮೀಟರಿನಷ್ಟು ಓಡುತ್ತದೆ. ಹೋಗುವುದಕ್ಕೆ ಇದು ಸಾಕು. ಹೋಗಿ ಬರುವುದಕ್ಕೆ ಸಾಲದು. ಅಲ್ಲಿ ಎಲ್ಲಿಯಾದರೂ ಒಂದು ಪ್ಲಗ್ಗು ದೊರಕಲೇಬೇಕು. ಈ ಒಂದು ಅನುಮಾನವನ್ನು ಗಂಟುಕಟ್ಟಿಕೊಂಡು ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆವು.

ಮೊದಲ ಅನುಭವ ವಿಚಿತ್ರವಾದದ್ದು. ಕೀಲಿ ತಿರುಗಿಸಿದರೆ ಏನೂ ಆಗುವುದಿಲ್ಲ. ಒಂದು ಪುಟ್ಟ ದೀಪ ಹತ್ತುತ್ತದೆ, ಅಷ್ಟೆ. ಹಳೆಯ ರೂಢಿಯಂತೆ ನನ್ನ ಎಡಗೈ ಕ್ಲಚ್ಚನ್ನೂ ಎಡಗಾಲು ಗೇರನ್ನೂ ಹುಡುಕಿ ಬರಿದೇ ಹಿಂದಿರುಗಿದವು. “ಚಾಲೂ ಆಯಿತೇ?” ಎಂದು ಹಿಂದಿನಿಂದ ಪ್ರಶ್ನೆ ಬರುವ ಹೊತ್ತಿಗೆ ನಾವು ಬೀದಿಯ ತಿರುವನ್ನು ದಾಟಿದ್ದೆವು. ಬಲಗೈಯ ಹಿಡಿಯನ್ನು ಒಂದಿಷ್ಟು ತಿರುಗಿಸಿದರೆ ಸಾಕು, ಯಾರೋ ಹಿಂದಿನಿಂದ ಅಂಗೈಯಿಟ್ಟು ಮೆಲ್ಲನೆ ತಳ್ಳಿದಂತೆ ಗಾಡಿ ಮುಂದಕ್ಕೆ ಜಾರುತ್ತದೆ. ನಡುಗುವಿಕೆಯಿಲ್ಲ, ಕಾಲಿಗೆ ತಾಗುವ ಬಿಸಿಯಿಲ್ಲ.

ಪಟ್ಟಣದ ಗದ್ದಲ ಹಿಂದೆ ಸರಿದ ಮೇಲೆ ನಮ್ಮ ಕಿವಿಗಳು ತೆರೆದುಕೊಂಡವು. ಗದ್ದೆಯ ಬದುವಿನ ಕಪ್ಪೆ, ಕಬ್ಬಿನ ಗರಿಗಳ ಸರಸರ, ದೂರದ ದೇವಸ್ಥಾನದ ಧ್ವನಿವರ್ಧಕದಿಂದ ತೇಲಿಬರುವ ಸುಪ್ರಭಾತ, ಎಲ್ಲವೂ ಕೇಳುತ್ತಿದ್ದವು. ಈ ದಾರಿಯಲ್ಲಿ ಹಿಂದೆ ಎಷ್ಟೋ ಬಾರಿ ಹೋಗಿದ್ದರೂ ಅದಕ್ಕೆ ಇಷ್ಟೊಂದು ದನಿಗಳಿವೆಯೆಂಬುದು ತಿಳಿದಿರಲಿಲ್ಲ. ಗಂಡಹೆಂಡಿರು ಕೂಗಾಡದೆ ಮಾತನಾಡಿಕೊಂಡು ಹೋಗಬಹುದಾದ ಮೋಟಾರು ಬೈಕು ಇದೇ ಮೊದಲೆಂದರೆ ಅತಿಶಯೋಕ್ತಿಯಲ್ಲ.

ಆದರೆ ಸದ್ದಿಲ್ಲದಿರುವುದು ಒಂದು ಅಪಾಯವೂ ಹೌದು. ಬನ್ನೂರಿನ ಬಳಿ ಕಾವೇರಿಯನ್ನು ದಾಟಿದ ಮೇಲೆ ಕುರಿಮಂದೆಯೊಂದು ರಸ್ತೆಯ ತುಂಬ ನಡೆದಿತ್ತು. ಬನ್ನೂರು ಕುರಿಗಳ ಖ್ಯಾತಿ ಓದುಗರಿಗೆ ತಿಳಿದದ್ದೇ. ಕುರಿಗಳಾಗಲಿ ಕುರಿಗಾಹಿಯಾಗಲಿ ತಿರುಗಿಯೂ ನೋಡಲಿಲ್ಲ. ಹಾರನ್ ಬಾರಿಸಿದಾಗ ಆತ ಬೆಚ್ಚಿಬಿದ್ದು, “ಗಾಡಿ ಸದ್ದೇ ಬರಕಿಲ್ವಲ್ಲ ಸಾ! ಹಿಂದಕ್ಕೆ ಬಂದ್ರೂ ಗೊತ್ತಾಗಕಿಲ್ಲ” ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಹಳ್ಳಿಯ ರಸ್ತೆ ಕಿವಿಯಿಂದ ನಡೆಯುವ ರಸ್ತೆ. ಅಲ್ಲಿ ಇಂತಹ ಗಾಡಿಯವನು ವೇಗ ತಗ್ಗಿಸಿ ಮೊದಲೇ ಸೂಚನೆ ಕೊಡತಕ್ಕದ್ದು.

ಲೆಕ್ಕದ ಪ್ರಯಾಣ

ಪೆಟ್ರೋಲ್ ಗಾಡಿಯ ಸವಾರ ದಾರಿಯನ್ನು ನೋಡುತ್ತಾನೆ. ವಿದ್ಯುತ್ ಗಾಡಿಯ ಹೊಸ ಸವಾರ ಶೇಕಡಾ ಲೆಕ್ಕವನ್ನು ನೋಡುತ್ತಾನೆ. ಮುಂದಿನ ಪುಟ್ಟ ಪರದೆಯಲ್ಲಿ ನೂರೆಂದಿದ್ದದ್ದು ತೊಂಬತ್ತಾಯಿತು, ಎಂಬತ್ತಾಯಿತು. ವೇಗ ಹೆಚ್ಚಿಸಿದರೆ ಅದು ಧಾರಾಳವಾಗಿ ಇಳಿಯುತ್ತದೆ, ತಗ್ಗಿಸಿದರೆ ಜಿಪುಣನಾಗುತ್ತದೆ. ಇಳಿಜಾರಿನಲ್ಲಿ ಹಿಡಿಯನ್ನು ಸಡಿಲಿಸಿದಾಗ ಮೋಟಾರೇ ಡೈನಮೋ ಆಗಿ, ಗಾಡಿಯ ಓಟದಿಂದ ಒಂದಿಷ್ಟು ವಿದ್ಯುತ್ತನ್ನು ತೆಗೆದು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಕೊಡುವುದು ಅಲ್ಪವಾದರೂ ಕೊಡುತ್ತದಲ್ಲ ಎಂಬ ಸಂತೋಷ!

ಭೂಮಿಯ ಏರಿಳಿತ ಕಾಲಿಗೆ ತಿಳಿಯುವಂತೆ ಈ ಗಾಡಿಗೂ ತಿಳಿಯುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಮಳವಳ್ಳಿ ಸುಮಾರು 610 ಮೀಟರ್. ಹೋಗುವಾಗ ಒಟ್ಟಿನ ಮೇಲೆ ಇಳಿದಾರಿ, ಬರುವಾಗ ಏರುದಾರಿ. ಮಳವಳ್ಳಿಯಲ್ಲಿ ಇಡ್ಲಿ ತಿಂದು ಶಿವನಸಮುದ್ರದ ಬ್ಲಫ್ ಎಂಬ ವಿದ್ಯುದಾಗಾರದ ವಸತಿಯ ಸಮೀಪಕ್ಕೆ ಬಂದಾಗ ಪರದೆಯಲ್ಲಿ ಉಳಿದಿದ್ದದ್ದು 31.

ರಸ್ತೆಯ ಬದಿಯಲ್ಲಿ ವಯಸ್ಸಾದ ಹೆಂಗಸೊಬ್ಬಳ ಚಹದಂಗಡಿಯಿತ್ತು. ಗೋಡೆಯಲ್ಲಿ ಪ್ಲಗ್ಗೂ ಇತ್ತು. ಸಂಕೋಚದಿಂದಲೇ ಕೇಳಿದೆವು. “ಹಾಕ್ಕಳಿ ಸಾಮಿ, ಅದಕ್ಕೇನು! ಕರೆಂಟು ಇರೋಗಂಟ ಹಾಕ್ಕಳಿ” ಎಂದಳು. ಆ ಮಾತಿನ ಎರಡನೆಯ ಭಾಗವನ್ನು ನಾವು ಆಗ ಗಮನಿಸಲಿಲ್ಲ.

ಗಗನಚುಕ್ಕಿಯ ಮುಂದೆ

ಕಾವೇರಿ ಇಲ್ಲಿ ಎರಡಾಗಿ ಕವಲೊಡೆದು ನಡುವೆ ದ್ವೀಪವನ್ನು ನಿರ್ಮಿಸಿ, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಬೀಳುತ್ತಾಳೆ. ಆದಿರಂಗ, ಮಧ್ಯರಂಗ, ಅಂತ್ಯರಂಗಗಳಲ್ಲಿ ನಡುವಿನವನು ಈ ದ್ವೀಪದಲ್ಲಿಯೇ ಪವಡಿಸಿದ್ದಾನೆ. ಮಳೆ ಚೆನ್ನಾಗಿದ್ದ ವರ್ಷವಾದ್ದರಿಂದ ಗಗನಚುಕ್ಕಿ ಮೈದುಂಬಿ ಧುಮುಕುತ್ತಿತ್ತು. ತುಂತುರು ಹಬೆಯಂತೆ ಮೇಲೆದ್ದು ಎದುರುದಡದ ಬಂಡೆಗಳನ್ನು ಮರೆಮಾಡುತ್ತಿತ್ತು. ಬೆಳಗಿನಿಂದ ನಿಶ್ಶಬ್ದಕ್ಕೆ ಒಗ್ಗಿದ್ದ ಕಿವಿಗಳಿಗೆ ಆ ಭೋರ್ಗರೆತ ತಟ್ಟಿದಾಗ ಒಂದು ಯೋಚನೆ ಬಂದಿತು. ನಮ್ಮ ಗಾಡಿಗೆ ಸದ್ದಿಲ್ಲವೆಂದುಕೊಂಡಿದ್ದೆವು. ಸದ್ದು ಎಲ್ಲಿಗೂ ಹೋಗಿರಲಿಲ್ಲ; 75 ಕಿಲೋಮೀಟರು ದೂರದಲ್ಲಿ ಇಲ್ಲಿ ಕಾದಿತ್ತು.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಸದ್ದನ್ನು ಶಕ್ತಿಯೆಂದು ಕಂಡವರು ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದ ಕಾಲದಲ್ಲಿ ಕೆಲಸ ನಡೆದು, 1902ರ ಜೂನ್ ತಿಂಗಳಲ್ಲಿ ಇಲ್ಲಿಯ ವಿದ್ಯುತ್ತು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ತಂತಿಗಳು ಆಗ ಜಗತ್ತಿನಲ್ಲಿಯೇ ವಿರಳ. ಆದರೆ ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ 1908ರಲ್ಲಿ ಮೈಸೂರಿಗೂ ಬೆಳಕು ಬಂದಿತು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅವುಗಳಿಗಾಗಿ ಹುಟ್ಟಿದ ವಿದ್ಯುದಾಗಾರ ಮಾತ್ರ ಉಳಿದುಕೊಂಡಿದೆ.

ಜಲಪಾತದ ಮೇಲುಭಾಗದಲ್ಲಿ ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ದಪ್ಪ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಕ್ಕೆ ಬಿಟ್ಟು ಟರ್ಬೈನುಗಳನ್ನು ತಿರುಗಿಸುತ್ತಾರೆ. ಅಲ್ಲಿಯೇ ಕುಳಿತು ನಾವೊಂದು ಲೆಕ್ಕ ಹಾಕಿದೆವು. ಅಷ್ಟು ಎತ್ತರದಿಂದ ಬಿದ್ದ ಸುಮಾರು ನಾಲ್ಕು ಸಾವಿರ ಲೀಟರ್ ನೀರು ಒಂದು ಯೂನಿಟ್ ವಿದ್ಯುತ್ತನ್ನು ಕೊಡಬಹುದು. ಹಾಗಾದರೆ ನಮ್ಮ ಬ್ಯಾಟರಿಯನ್ನು ಒಮ್ಮೆ ತುಂಬಿಸಲು 14 ಸಾವಿರ ಲೀಟರ್ ಬೇಕು. ನಮ್ಮ ಬೀದಿಗೆ ಬರುವ ನೀರಿನ ಟ್ಯಾಂಕರ್ ಎರಡಕ್ಕೂ ಮಿಗಿಲು! “ಅಯ್ಯೋ, ಎರಡು ಟ್ಯಾಂಕರ್ ಕಾವೇರಿಯ ಮೇಲೆ ಕೂತುಕೊಂಡು ಬಂದಿದ್ದೀವಲ್ಲ!” ಎಂದು ಶ್ರೀಮತಿ ಬೆರಗಾದಳು. ಆ ನೀರು ಖರ್ಚಾಗಿ ಹೋಗುವುದಿಲ್ಲ, ಮುಂದೆ ಹರಿದು ಗದ್ದೆಗಳಿಗೆ ಸೇರುತ್ತದೆ ಎಂಬುದೊಂದು ಸಮಾಧಾನ.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಇದೇ ದೂರವನ್ನು ಪೆಟ್ರೋಲ್ ಬೈಕಿನಲ್ಲಿ ಕ್ರಮಿಸಲು ಎರಡು ಲೀಟರ್ ಬೇಕಾಗುತ್ತಿತ್ತು. ಲೀಟರಿಗೆ ಸುಮಾರು ಒಂಬತ್ತು ಯೂನಿಟ್ಟಿನಂತೆ ಅದರಲ್ಲಿ ಅಡಗಿರುವ ಶಕ್ತಿ 18 ಯೂನಿಟ್, ನಮ್ಮದು ಮೂರೂವರೆ. ಪೆಟ್ರೋಲಿನ ಬಹುಪಾಲು ಶಾಖವಾಗಿ ಗಾಳಿಗೆ ಹೋಗುತ್ತದೆ.

ಹಾಗೆಂದು ನಮ್ಮ ಗಾಡಿ ಪೂರ್ತಿ ನಿಷ್ಪಾಪಿಯಲ್ಲ. ಇಂದು ಗೋಡೆಯ ಪ್ಲಗ್ಗಿಗೆ ಬರುವ ವಿದ್ಯುತ್ತಿನಲ್ಲಿ ಶರಾವತಿಯ ನೀರು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ, ಕೈಗಾದ ಅಣುಶಕ್ತಿಗಳೊಡನೆ ರಾಯಚೂರಿನ ಕಲ್ಲಿದ್ದಲೂ ಬೆರೆತಿರುತ್ತದೆ. ನಮ್ಮ ಬೀದಿಯಲ್ಲಿ ಕಾಣದ ಹೊಗೆ ಅಲ್ಲಿಯ ಚಿಮಣಿಯಲ್ಲಿ ಕಾಣುತ್ತದೆ. ನೀರಿನಿಂದ ಬಂದದ್ದಕ್ಕೂ ಬೆಲೆ ತೆತ್ತವರಿದ್ದಾರೆ. ಬೇಸಗೆಯಲ್ಲಿ ನದಿ ಸೊರಗಿ ಇಲ್ಲಿಯ ಯಂತ್ರಗಳಿಗೆ ನೀರು ಸಾಲದಾಗುತ್ತಿದ್ದುದು 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಆರಂಭವಾಗಲು ಒಂದು ಕಾರಣ. ಆ ಅಣೆಕಟ್ಟೆಗಾಗಿ ಹಳೆಯ ಕನ್ನಂಬಾಡಿ ಊರೇ ನೀರಿನಡಿಯಾಯಿತು.

ತವರಿನಲ್ಲಿ ಕತ್ತಲೆ

ಚಹದಂಗಡಿಗೆ ಹಿಂದಿರುಗಿದಾಗ ಬೈಕಿನ ಪರದೆಯಲ್ಲಿ 50 ಇತ್ತು. ಅಂಗಡಿಯ ಫ್ಯಾನು ನಿಂತಿತ್ತು. “ನೀವು ಅತ್ಲಾಗೆ ಹೋದ್ರಿ, ಇತ್ಲಾಗೆ ಕರೆಂಟು ಹೋಯ್ತು” ಎಂದಳು ಮುದುಕಿ. ಐವತ್ತರಲ್ಲಿ ಮಳವಳ್ಳಿಯನ್ನು ದಾಟಬಹುದು, ಮೈಸೂರನ್ನು ಮುಟ್ಟಲಾಗದು. ಹನ್ನೆರಡಾಯಿತು, ಒಂದಾಯಿತು. ಮರುದಿನ ಬೆಳಿಗ್ಗೆ ನನಗೆ ಕೆಲಸಕ್ಕೆ ಹಾಜರಾಗಬೇಕಿತ್ತು. ಗಾಡಿಯನ್ನು ಯಾವುದಾದರೂ ಟೆಂಪೋದಲ್ಲಿ ಹೇರಿಸಬೇಕಾದೀತೆಂದು ಚಿಂತೆ ಹತ್ತಿತು.

ಮುದುಕಿ ನಿಶ್ಚಿಂತೆಯಿಂದ ಒಲೆ ಊದುತ್ತಿದ್ದಳು. “ಇಲ್ಲೇ ಹುಟ್ತದೆ, ಊರ್ಗೆಲ್ಲ ಹೋಯ್ತದೆ, ನಮ್ಗೆ ಬೇಕು ಅಂದಾಗ ಇರಕಿಲ್ಲ. ಬತ್ತದೆ ಕುಂತ್ಕಳಿ” ಎಂದು ನಕ್ಕಳು. ಆ ನಗೆಯಲ್ಲಿ ದೂರಿನ ಕಹಿಯಿರಲಿಲ್ಲ. ಆದರೂ ನಮಗೆ ಉತ್ತರ ಹೊಳೆಯಲಿಲ್ಲ. ಈ ಊರಿನ ನೀರನ್ನೇ ಸಮೀಪದ ತೊರೆಕಾಡನಹಳ್ಳಿಯಿಂದ ಭಾರಿ ಪಂಪುಗಳು ಬೆಂಗಳೂರಿನ ನಲ್ಲಿಗಳಿಗೆ ಏರಿಸುತ್ತವೆ. ನೀರೂ ಬೆಳಕೂ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಆ ಅಂಗಡಿಯಿತ್ತು.

ಎರಡು ಗಂಟೆಗೆ ಫ್ಯಾನು ತಿರುಗಿತು. ನಾಲ್ಕಕ್ಕೆ 88 ಎಂದು ಕಂಡಾಗ ಹೊರಟೆವು. ವಿದ್ಯುತ್ತಿನ ಹಣ ಕೊಡಹೋದರೆ, “ಫೋನ್ ಚಾರ್ಜು ಮಾಡ್ಕಂಡೋರ ತಾವ ಯಾರಾರ ದುಡ್ಡು ಇಸ್ಕತಾರಾ ತಾಯಿ?” ಎಂದು ಶ್ರೀಮತಿಯ ಕೈಯನ್ನು ಹಿಂದಕ್ಕೆ ತಳ್ಳಿದಳು. “ಇದು ಫೋನಲ್ಲ ಅಕ್ಕ, ಆನೆ, ಹೊಟ್ಟೆ ದೊಡ್ಡದು” ಎಂದು ಒತ್ತಾಯಿಸಿದ ಮೇಲೆ ಸ್ವೀಕರಿಸಿದಳು. ಏರುದಾರಿಯನ್ನು ನಿಧಾನವಾಗಿ ಕ್ರಮಿಸಿ ದೀಪ ಹಚ್ಚುವ ಹೊತ್ತಿಗೆ ಮೈಸೂರು ಸೇರಿದಾಗ ಉಳಿದಿದ್ದದ್ದು 11.

ಹೋಗಬಯಸುವವರಿಗೆ

ಜಲಪಾತವನ್ನು ನೋಡಲು ಜುಲೈಯಿಂದ ಅಕ್ಟೋಬರ್‌ವರೆಗಿನ ಕಾಲ ಪ್ರಶಸ್ತ. ಬೇಸಗೆಯಲ್ಲಿ ಬಂಡೆಗಳೇ ಹೆಚ್ಚು ಕಾಣುತ್ತವೆ. ವಿದ್ಯುದಾಗಾರದ ಒಳಹೋಗಲು ಮೊದಲೇ ಅನುಮತಿ ಪಡೆಯಬೇಕು. ವಿದ್ಯುತ್ ಬೈಕಿನವರು ಚಾರ್ಜರನ್ನು ಜೊತೆಗೊಯ್ಯಲಿ. ಕಾಯಲು ಅರ್ಧ ದಿನವನ್ನು ಮೀಸಲಿಡಲಿ.

ನಮ್ಮ ಮನೆಯಲ್ಲಿ ಈಗ ಹೊಸದೊಂದು ಅಳತೆ ರೂಢಿಗೆ ಬಂದಿದೆ. ಹತ್ತು ವ್ಯಾಟಿನ ದೀಪವೊಂದು ಒಂದು ಗಂಟೆ ಉರಿದರೆ ಶಿವನಸಮುದ್ರದಲ್ಲಿ ಮೂರು ಬಿಂದಿಗೆ ನೀರು ಬೀಳಬೇಕು. ಬರಿಯ ಕೋಣೆಯಲ್ಲಿ ದೀಪ ಉರಿಯುತ್ತಿರುವುದನ್ನು ಕಂಡರೆ ಶ್ರೀಮತಿ ಮಕ್ಕಳನ್ನು ಗದರಿಸುವುದಿಲ್ಲ. “ಎಷ್ಟು ಬಿಂದಿಗೆ ಆಯಿತು?” ಎಂದು ಕೇಳುತ್ತಾಳೆ, ಅಷ್ಟೆ.